ವಿಶ್ವಸಂಸ್ಥೆ ಪರ್ಮನೆಂಟ್ ಕೆಲಸದ ಪರೀಕ್ಷೆ: ದುಡ್ಡು ಕಟ್ಟಲಾ?

ತೀರ್ಥಹಳ್ಳಿ ಹುಡುಗಿ:
ಕುವೆಂಪು ವಿವಿಯಲ್ಲಿ ಎಂ.ಎ. ಅರ್ಥಶಾಸ್ತ್ರ ಮುಗಿಸಿದ್ದೇನೆ. 26 ವರ್ಷ. ಕೆಪಿಎಸ್‌ಸಿಗೆ ಓದುತ್ತಿದ್ದೇನೆ. ವಿಶ್ವಸಂಸ್ಥೆಯ ಯಂಗ್ ಪ್ರೊಫೆಷನಲ್ಸ್ ಪ್ರೋಗ್ರಾಂ ಪರೀಕ್ಷೆ ಬರೆಸುತ್ತೇವೆ ಅಂತ ಶಿವಮೊಗ್ಗದಲ್ಲಿ ಒಬ್ಬರು ಅರ್ಜಿ ತುಂಬೋಕೇ 15 ಸಾವಿರ ಕೇಳುತ್ತಿದ್ದಾರೆ. ಅಪ್ಪ ಅಡಿಕೆ ದುಡ್ಡಲ್ಲಿ ಕೊಡ್ತೀನಿ ಅಂತಾರೆ. ಆದರೆ ಕೊಳೆ ರೋಗ ಬಂದು ಈ ಸಲ ಅರ್ಧ ಫಸಲು ಹೋಗಿದೆ. ಏನು ಮಾಡಲಿ?

ಸಾಗರದ ಅಕ್ಕ:
ಒಂದು ರೂಪಾಯಿನೂ ಕೊಡಬೇಡಮ್ಮ. ಅರ್ಜಿ, ಪರೀಕ್ಷೆ, ಸಂದರ್ಶನ, ಯಾವುದಕ್ಕೂ ವಿಶ್ವಸಂಸ್ಥೆ ಶುಲ್ಕ ತಗೊಳ್ಳುವುದಿಲ್ಲ. ಅರ್ಜಿಯನ್ನು ಅವರ ವೆಬ್‌ಸೈಟ್‌ನಲ್ಲಿ ನೀನೇ ತುಂಬಬಹುದು.

ಮೊದಲು ನೋಡಬೇಕಾದ್ದು ದೇಶಗಳ ಪಟ್ಟಿ. ವಿಶ್ವಸಂಸ್ಥೆಯ ಸನ್ನದು, ಅಂದರೆ ಅದರ ಮೂಲ ನಿಯಮ ಪತ್ರದ 101ನೇ ವಿಧಿ ಪ್ರಕಾರ ಸಿಬ್ಬಂದಿ ಬೇರೆ ಬೇರೆ ದೇಶಗಳಿಂದ ಬರಬೇಕು. ಅದಕ್ಕೇ ತಮ್ಮವರು ಕಡಿಮೆ ಇರುವ ದೇಶಗಳನ್ನು ಈ ಪರೀಕ್ಷೆಗೆ ಕರೆಯುತ್ತಾರೆ. ಪಟ್ಟಿ ವರ್ಷ ವರ್ಷ ಬದಲಾಗುತ್ತದೆ. ಆ ವರ್ಷ ಭಾರತದ ಹೆಸರು ಇಲ್ಲದಿದ್ದರೆ ನೀನು ಎಷ್ಟೇ ಜಾಣೆಯಾದರೂ ಬರೆಯೋಕಾಗಲ್ಲ. ವಿಷಯಗಳೂ ಹಾಗೇ, ನಿನ್ನ ಡಿಗ್ರಿಗೆ ಹೊಂದುವ ವಿಷಯ ಇರಬೇಕು. ವಯಸ್ಸಿನ ಚಿಂತೆ ಬೇಡ, ಪರೀಕ್ಷೆಯ ವರ್ಷದ ಕೊನೆಗೆ 32 ದಾಟಿರಬಾರದು ಅಷ್ಟೇ.

ಇನ್ನೊಂದು. ಪಾಸಾದ ಕೂಡಲೇ ಆರ್ಡರ್ ಬರುತ್ತದೆ ಅಂದುಕೊಳ್ಳಬೇಡ. ಹೆಸರು ಪಾಸಾದವರ ಪಟ್ಟಿಯಲ್ಲಿ ಇರುತ್ತದೆ, ಹುದ್ದೆ ಖಾಲಿಯಾದರೆ ಕರೆಯುತ್ತಾರೆ. ಕರೆಯದೆಯೂ ಇರಬಹುದು. ಕರೆದರೂ ಮೊದಲ ಎರಡು ವರ್ಷದ ಕೆಲಸ ನೋಡಿಯೇ ಮುಂದುವರಿಸುತ್ತಾರೆ. ಆಮೇಲೆ ಬೇರೆ ಊರಿಗೆ, ಬೇರೆ ದೇಶಕ್ಕೆ ಹೋಗುವುದಕ್ಕೂ ತಯಾರಿರಬೇಕು. ಇದನ್ನು ಅಪ್ಪ ಅಮ್ಮನ ಹತ್ತಿರ ಈಗಲೇ ಮಾತಾಡಿಬಿಡು.

ಕೆಪಿಎಸ್‌ಸಿ ಓದು ಮಾತ್ರ ಬಿಡಬೇಡ. ನಿನ್ನಂಥ ಹುಡುಗಿಯರ ಆಸೆ ಮೇಲೆ ದುಡ್ಡು ಮಾಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಹೊಸನಗರ ಮೇಷ್ಟ್ರು:
ಅಕ್ಕ ಹೇಳಿದ್ದು ಸರಿ. ಯುರೋಪಿಯನ್ ಯೂನಿಯನ್ ಪರೀಕ್ಷೆ ಬರೆಸುತ್ತೇವೆ ಅಂತಲೂ ಕೆಲವರು ಹೇಳಬಹುದು, ನಂಬಬೇಡಿ. ಅದರ ಕಾಯಂ ಹುದ್ದೆಗೆ ಅಲ್ಲಿನ ಸದಸ್ಯ ದೇಶದ ಪೌರತ್ವ ಬೇಕು.

ತೀರ್ಥಹಳ್ಳಿ ಹುಡುಗಿ:
ತುಂಬಾ ಥ್ಯಾಂಕ್ಸ್ ಅಕ್ಕ, ಸರ್. ದುಡ್ಡು ಕೊಡಲ್ಲ. ಫ್ರೆಂಚ್ ಬರದಿದ್ದರೆ ಆಗಲ್ವಾ?

ಸಾಗರದ ಅಕ್ಕ:
ಆಗುತ್ತೆ. ಇಂಗ್ಲಿಷ್ ಅಥವಾ ಫ್ರೆಂಚ್, ಒಂದು ಚೆನ್ನಾಗಿ ಬಂದರೆ ಸಾಕು. ದಿನಾ ಇಂಗ್ಲಿಷಲ್ಲಿ ಒಂದು ಪುಟ ಬರೆದು ಯಾರಿಗಾದರೂ ತೋರಿಸು. ಬರೆದದ್ದನ್ನು ನನಗೆ ಕಳಿಸಿದರೂ ನೋಡಿಕೊಡ್ತೀನಿ.