ಸಹಾಯ ಬೇಕು: ಪುನರ್ಪುಳಿ ಸಾರದ ಡಿಪಿಪಿಎಚ್ ಪರೀಕ್ಷೆಯಲ್ಲಿ ಬಣ್ಣದ ಕಾಟ

ಪುನರ್ಪುಳಿ ಒಣಸಿಪ್ಪೆಯ ಮೆಥನಾಲ್ ಸಾರದಲ್ಲಿ ಆಂಟಿಆಕ್ಸಿಡೆಂಟ್ ಶಕ್ತಿ ಎಷ್ಟಿದೆ ಅಂತ ಡಿಪಿಪಿಎಚ್ ವಿಧಾನದಲ್ಲಿ ನೋಡ್ತಿದೀವಿ (ಡಿಪಿಪಿಎಚ್ ಅಂದ್ರೆ ನೇರಳೆ ಬಣ್ಣದ ರಾಸಾಯನಿಕ, ಆಂಟಿಆಕ್ಸಿಡೆಂಟ್ ತಾಗಿದಷ್ಟೂ ಹಳದಿಗೆ ತಿರುಗುತ್ತೆ). 0.1 ಮಿಲಿಮೋಲಾರ್ ಡಿಪಿಪಿಎಚ್ ದ್ರಾವಣ (100 ಮಿ.ಲೀ. ಮೆಥನಾಲ್‌ಗೆ 3.94 ಮಿ.ಗ್ರಾಂ) 3 ಮಿ.ಲೀ., ಸಾರ 1 ಮಿ.ಲೀ., ಕತ್ತಲಲ್ಲಿ 30 ನಿಮಿಷ, ಆಮೇಲೆ 517 ನ್ಯಾನೋಮೀಟರ್‌ನಲ್ಲಿ ರೀಡಿಂಗ್. ಹೋಲಿಕೆಗೆ ಇಟ್ಟ ಆಸ್ಕಾರ್ಬಿಕ್ ಆಮ್ಲದ ಗೆರೆ ನೆಟ್ಟಗೆ ಬರ್ತಿದೆ, ಹಾಗಾಗಿ ಡಿಪಿಪಿಎಚ್ ಹಳಸಿಲ್ಲ, ಯಂತ್ರದ ತಪ್ಪೂ ಅಲ್ಲ.

ತೊಂದರೆ ಸಿಪ್ಪೆಯ ಕೆಂಪಿನದು. ಅದರ ಆಂಥೋಸಯನಿನ್ (ಕೆಂಪು ಬಣ್ಣ ಕೊಡೋ ವಸ್ತು) ಬೆಳಕು ಹೀರೋದೂ 517ರ ಆಸುಪಾಸಿನಲ್ಲೇ. ಸಾರ ಗಟ್ಟಿಯಾದಷ್ಟೂ ನೇರಳೆ ಹೋಗಿ ಹಳದಿ ಬರೋ ಬದಲು ಕ್ಯುವೆಟ್ (ರೀಡಿಂಗ್ ತೆಗೆಯೋ ಪುಟ್ಟ ಪಾತ್ರೆ) ಕೆಂಪಗೇ ಉಳಿಯುತ್ತೆ, ಶೇಕಡಾ ಎಷ್ಟು ಡಿಪಿಪಿಎಚ್ ತಟಸ್ಥ ಆಯ್ತು ಅನ್ನೋ ಲೆಕ್ಕ ಕೆಳಗೆ ಬೀಳುತ್ತೆ. ಸಾರ 1 ಮಿ.ಲೀ.ಗೆ ಬರೀ ಮೆಥನಾಲ್ 3 ಮಿ.ಲೀ. ಹಾಕಿ ಬಣ್ಣದ ಬ್ಲ್ಯಾಂಕ್ (ಸಾರದ ಸ್ವಂತ ಬಣ್ಣದ ರೀಡಿಂಗ್) ಕಳೆದ್ರೆ ಉಲ್ಟಾ, 104% ತೋರಿಸುತ್ತೆ! ಡಿಪಿಪಿಎಚ್ ಇದ್ದಾಗ ಆಂಥೋಸಯನಿನ್ನೂ ಆಕ್ಸಿಡೈಸ್ ಆಗಿ ಬಣ್ಣ ಕಳ್ಕೊಳ್ಳುತ್ತೆ, ಬ್ಲ್ಯಾಂಕ್‌ನಲ್ಲಿ ಹಾಗಾಗಲ್ಲ. ಅದಕ್ಕೇ ಬೇಕಾದ್ದಕ್ಕಿಂತ ಜಾಸ್ತಿ ಕಳೀತಿದೀವಿ ಅನ್ನೋದು ನಮ್ಮ ಅನುಮಾನ.

ಸಾರ ತೆಳು ಮಾಡಿದ್ರೆ ಬಣ್ಣದ ಕಾಟ ಇಲ್ಲ, ಆದ್ರೆ 50% ಮುಟ್ಟೋದೇ ಇಲ್ಲ. ಇದ್ದಿಲಿನಲ್ಲಿ ಬಣ್ಣ ತೆಗೀರಿ ಅಂತ ದಯವಿಟ್ಟು ಹೇಳ್ಬೇಡಿ, ಆಂಟಿಆಕ್ಸಿಡೆಂಟ್ ಕೆಲಸ ಮಾಡೋ ಫೀನಾಲ್‌ಗಳೂ ಅದರ ಜೊತೆಗೇ ಹೋಗಿಬಿಡ್ತವೆ.

ಈಗ ಕೇಳ್ತಿರೋದು ಇಷ್ಟೇ: ಬಣ್ಣದ ಬ್ಲ್ಯಾಂಕ್ ತಿದ್ದಿಕೊಂಡು 517ರಲ್ಲೇ ನಂಬುವಂಥ ಐಸಿ50 (ಅರ್ಧದಷ್ಟು ಡಿಪಿಪಿಎಚ್ ತಟಸ್ಥ ಮಾಡೋಕೆ ಬೇಕಾದ ಸಾರದ ಪ್ರಮಾಣ) ತೆಗೆಯೋ ದಾರಿ ಇದೆಯಾ? ಇಲ್ಲಾ ಡಿಪಿಪಿಎಚ್ ಬಿಟ್ಟು, 734ರಲ್ಲಿ ಓದೋ ಇನ್ನೊಂದು ಆಂಟಿಆಕ್ಸಿಡೆಂಟ್ ಪರೀಕ್ಷೆಯಾದ ಎಬಿಟಿಎಸ್‌ಗೇ ಹೋಗ್ಬೇಕಾ? ಕೆಂಪು ಸಾರಗಳಲ್ಲಿ ಕೆಲಸ ಮಾಡಿದೋರು ಹೇಳಿ.