‘ಪ್ಯೂಬರ್ಟಿ’ಗೆ ಏನನ್ನೋಣ? ‘ಮೈನೆರೆಯುವುದು’ ಸಾಕಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ.

ಬೆಳೆಯುವ ಮಕ್ಕಳ ಮೈಯನ್ನು ಹೇಗೆ ಅಳೆಯುತ್ತಾರೆ ಅಂತ ತಂದೆತಾಯಿಗಳಿಗೆ ತಿಳಿಸುವ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಾಯಿಲೆಯ ಮಾತು ಅದರಲ್ಲಿಲ್ಲ, ಪೂರ್ತಿ ಆರೋಗ್ಯವಾಗಿರುವ ಮಕ್ಕಳದ್ದೇ ವಿಷಯ. ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡೆ. ‘ಪ್ಯೂಬರ್ಟಿ’ಗೆ, ಅಂದರೆ ಮಗುವಿನ ಮೈ ದೊಡ್ಡವರ ಮೈಯಾಗಿ ಬದಲಾಗುವುದಕ್ಕೆ, ಯಾವ ಪದ?

ನನಗೆ ಮೊದಲು ಹೊಳೆದದ್ದು ‘ಮೈನೆರೆಯುವುದು’. ಚೆಂದದ ಪದ. ನೆರೆ ಅಂದರೆ ತುಂಬು, ಪೂರ್ತಿಯಾಗು. ಆದರೆ ಬಳಕೆಯಲ್ಲಿ ಅದು ಹುಡುಗಿಯ ಮೊದಲ ಮುಟ್ಟಿಗೆ ಅಂಟಿಕೊಂಡುಬಿಟ್ಟಿದೆ. ‘ಋತುಮತಿಯಾದಳು’, ‘ದೊಡ್ಡವಳಾದಳು’ ಕೂಡ ಹಾಗೆಯೇ. ಇವೆಲ್ಲ ಒಂದು ದಿನವನ್ನು ಹೇಳುವ ಮಾತುಗಳು. ಪ್ಯೂಬರ್ಟಿ ಹಲವು ವರ್ಷ ನಡೆಯುವಂಥದ್ದು. ಹುಡುಗಿಯರಲ್ಲಿ ಅದು ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ ಶುರುವಾಗುತ್ತದೆ, ಹೆಚ್ಚಿನವರಲ್ಲಿ ಮೊದಲ ಗುರುತು ಎದೆ ಮೂಡುವುದು. ಮುಟ್ಟು ಬರುವುದು ಅದಾಗಿ ಸುಮಾರು ಎರಡು ವರ್ಷಕ್ಕೆ. ‘10ಕ್ಕೆ ಪ್ಯೂಬರ್ಟಿ ಶುರುವಾದ ಹುಡುಗಿ’ ಅಂತ ಮೂಲದಲ್ಲಿದ್ದದ್ದನ್ನು ನಾನು ‘10ಕ್ಕೇ ಮೈನೆರೆದವಳು’ ಅಂತ ಬರೆದಿದ್ದೆ. ಒಂದು ಪದದಲ್ಲಿ ಎರಡು ವರ್ಷದ ತಪ್ಪು!

ಇನ್ನೊಂದು ತಮಾಷೆ ನೋಡಿ. ಹುಡುಗಿ ಅತಿ ಜೋರಾಗಿ ಎತ್ತರವಾಗುವುದು ಮುಟ್ಟಿಗೆ ಮುಂಚೆಯೇ. ಆಗ ವರ್ಷಕ್ಕೆ 8 ಸೆಂ.ಮೀ. ಆಸುಪಾಸು ಬೆಳೆಯುತ್ತಾಳೆ. ಮುಟ್ಟು ಶುರುವಾದ ಮೇಲೆ ವೇಗ ಇಳಿಯುತ್ತದೆ, ಉಳಿಯುವುದು ಕೆಲವೇ ಸೆಂಟಿಮೀಟರು. ಅಂದರೆ ಮನೆಯವರು ‘ದೊಡ್ಡವಳಾದಳು’ ಅನ್ನುವ ಹೊತ್ತಿಗೆ ದೊಡ್ಡದಾಗುವ ಕೆಲಸ ಬಹುಪಾಲು ಮುಗಿದೇ ಹೋಗಿರುತ್ತದೆ.

ಹುಡುಗರ ಕಡೆ ಬಂದರೆ ‘ಮೀಸೆ ಚಿಗುರಿತು’, ‘ಗಂಟಲು ಒಡೆಯಿತು’ ಇವೆ. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು. ಆದರೆ ಇವೂ ತಡವಾಗಿ ಬರುವ ಗುರುತುಗಳೇ. ನಿಜವಾದ ಶುರು ವೃಷಣ ದೊಡ್ಡದಾಗುವುದು, ಸಾಮಾನ್ಯವಾಗಿ 9ರಿಂದ 14ರೊಳಗೆ. ವೈದ್ಯರು ಅದನ್ನು ಒಂದು ಮಣಿಸರದ ಜೊತೆ ಹೋಲಿಸಿ ನೋಡುತ್ತಾರೆ. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಆಂಡ್ರಿಯಾ ಪ್ರೇಡರ್ ತಂದ ಸಾಧನ ಅದು, 1ರಿಂದ 25 ಮಿ.ಲೀ. ಗಾತ್ರದ ಮಣಿಗಳು. 4 ಮಿ.ಲೀ. ಮುಟ್ಟಿತು ಅಂದರೆ ಶುರುವಾಯಿತು ಅಂತ ಲೆಕ್ಕ. ಹೊರಗೆ ಯಾರಿಗೂ ಕಾಣದ ಬದಲಾವಣೆ. ಅದಕ್ಕೇ ಮಾತಿನಲ್ಲೂ ಹೆಸರು ಹುಟ್ಟಲಿಲ್ಲವೇನೋ. ಈ ಸಾಧನದ ಹೆಸರು ಆರ್ಕಿಡೋಮೀಟರ್. ನಾನು ಸುಮ್ನೆ ‘ಅಳತೆಯ ಮಣಿಸರ’ ಅಂತ ಇಟ್ಟುಕೊಂಡಿದ್ದೇನೆ.

ಪಠ್ಯಪುಸ್ತಕದ ‘ಪ್ರೌಢಾವಸ್ಥೆ’ ನನಗೆ ಒಗ್ಗುತ್ತಿಲ್ಲ. 9 ವರ್ಷದ ಮಗುವನ್ನು ಪ್ರೌಢ ಅನ್ನಲು ಬಾಯಿ ಬರುವುದಿಲ್ಲ. ‘ಪ್ರಾಯ’ ಕೆಲವರ ಮಾತಿನಲ್ಲಿ ಬರೀ ವಯಸ್ಸು. ‘ಹದಿಹರೆಯ’ದಲ್ಲಿ ಹದಿಮೂರು, ಹದಿನಾಲ್ಕರ ‘ಹದಿ’ಯೇ ಕೂತಿದೆ, ಅದಕ್ಕಿಂತ ಮುಂಚೆ ಶುರುವಾಗುವುದಕ್ಕೆ ಹೇಗೆ ಹೊಂದುತ್ತದೆ?

ಹಂತಗಳನ್ನು ಬರೆಯುವಾಗಲೂ ಎಡವಿದೆ. ಈ ಬದಲಾವಣೆ ಎಲ್ಲಿಯವರೆಗೆ ಬಂದಿದೆ ಅಂತ ಗುರುತಿಸಲು ಬ್ರಿಟನ್ನಿನ ಮಕ್ಕಳ ವೈದ್ಯ ಜೇಮ್ಸ್ ಟ್ಯಾನರ್ ಹೆಸರಿನ ಐದು ಹಂತಗಳಿವೆಯಲ್ಲ, ಅದರಲ್ಲಿ ಒಂದನೆಯದು ‘ಇನ್ನೂ ಏನೂ ಶುರುವಾಗಿಲ್ಲ’ ಅಂತ. ಶುರು ಎರಡನೆಯದರಿಂದ. ‘ಮೊದಲ ಹಂತ’ ಅಂತ ಬರೆದರೆ ಓದುವವರು ಶುರುವಾಯಿತು ಅಂದುಕೊಳ್ಳುತ್ತಾರೆ. ಹಾಗಾಗಿ ‘1ನೇ ಹಂತ: ಮಗುವಿನ ಮೈ’ ಅಂತ ಮಾಡಿದೆ.

‘ಹಾರ್ಮೋನು’ ಹಾಗೇ ಇರಲಿ. 1905ರಲ್ಲಿ ಬ್ರಿಟನ್ನಿನ ಶರೀರವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್ ಆ ಪದ ತಂದಾಗ ಗ್ರೀಕಿನ ‘ಚಾಲನೆ ಕೊಡು’ ಅನ್ನುವ ಅರ್ಥದ ಮಾತಿನಿಂದ ತಂದರು. ನಮ್ಮ ‘ಚೋದಕ’ ಅದಕ್ಕೆ ಹತ್ತಿರವೇ, ಆದರೆ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ನನ್ನ ತಕರಾರಿರುವುದು ‘ಹಾರ್ಮೋನುಗಳ ಏರುಪೇರು’ ಅನ್ನುವ ಮಾತಿನ ಮೇಲೆ. ಏರುಪೇರು ಅಂದರೆ ಏನೋ ಕೆಟ್ಟಿದೆ ಅಂತಲೇ ಅಲ್ವಾ? ಇಲ್ಲಿ ಏನೂ ಕೆಟ್ಟಿಲ್ಲ. ಮಿದುಳಿನಿಂದ ಬರುವ ಹಾರ್ಮೋನಿನ ಸೂಚನೆಗಳು ಮೊದಮೊದಲು ರಾತ್ರಿ ನಿದ್ದೆಯಲ್ಲಿ ಅಲೆಅಲೆಯಾಗಿ ಏಳುತ್ತವೆ, ಆಮೇಲೆ ಹಗಲಿಗೂ ಹಬ್ಬುತ್ತವೆ. ಹಗಲು ಒಮ್ಮೆ ರಕ್ತ ತೆಗೆದು ನೋಡಿದರೆ ಆ ಮೊದಲ ಅಲೆಗಳು ತಪ್ಪಿಹೋಗಬಹುದು. ಇದಕ್ಕೆ ‘ಏರಿಳಿತ’ ಸರಿ ಅಂತ ನನ್ನ ಹಟ. ಜೊತೆ ಕೆಲಸ ಮಾಡುವವರು ಎರಡೂ ಒಂದೇ ಅನ್ನುತ್ತಾರೆ.

ಸದ್ಯಕ್ಕೆ ‘ಹರೆಯ ಮೂಡುವುದು’ ಅಂತ ಬರೆದುಕೊಂಡಿದ್ದೇನೆ. ಹುಡುಗ, ಹುಡುಗಿ ಇಬ್ಬರಿಗೂ ಸಲ್ಲುತ್ತದೆ, ‘ಮೂಡು’ವಿನಲ್ಲಿ ನಿಧಾನವೂ ಇದೆ. ಅನುಮಾನ ಒಂದೇ. ಹರೆಯ ಅಂದಕೂಡಲೇ ಪ್ರೇಮಕವಿತೆ ನೆನಪಾಗುವವರು ಜಾಸ್ತಿ. 9 ವರ್ಷದ ಮಗುವಿನ ತಾಯಿ ಇದನ್ನು ಓದಿದರೆ ಮುಜುಗರವಾಗುತ್ತದೆಯೇ? ಹುಡುಗರಿಗೆ ‘ಮೈನೆರೆ’ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ? ಕೇಳಿದ್ದರೆ ಆ ವಾಕ್ಯವನ್ನು ಇದ್ದ ಹಾಗೇ ಬರೆದು ತಿಳಿಸಿ.