ಬೆಲ್ಟ್ ಲೋಡ್ ಇಳಿಸಿದೆ, ಪವರ್ ಬರಲಿಲ್ಲ, ಟೆಂಪರೇಚರ್ ಮಾತ್ರ ಏರ್ತಿದೆ

ಸುಂಟಿಕೊಪ್ಪ_12
ಎರಡು ವಾರದಿಂದ ತಲೆ ಕೆಟ್ಟುಹೋಗಿದೆ. ಟ್ರ್ಯಾಕ್ ಡೇಗೆ ಅಂತ ಇಂಜಿನ್ ಮೇಲಿನ ಬೇಡದ ಲೋಡ್ ಎಲ್ಲ ಇಳಿಸಿದೆ. ಎಸಿ ಕಿತ್ತೆ, ಬೆಲ್ಟ್ ಓಡಿಸೋ ಪುಲ್ಲಿ ಚಿಕ್ಕದು ಹಾಕಿಸಿದೆ. ಮಡಿಕೇರೀಲಿ ಟ್ಯೂನ್ ಮಾಡಿಸಿ ಊರಲ್ಲಿ ಓಡಿಸುವಾಗ ಬಿಸಿಯ ತೊಂದರೆ ಇರಲೇ ಇಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಟ್ರ್ಯಾಕ್‌ಗೆ ಇಳಿಸಿದ್ರೆ ನಾಲ್ಕನೇ ಸುತ್ತಿಗೇ ಮುಳ್ಳು ಮುಕ್ಕಾಲು ದಾಟುತ್ತೆ. ಪಿಟ್‌ಗೆ ಬಂದು ನಿಂತ್ರೆ ಇನ್ನೂ ಏರುತ್ತೆ, ಬ್ಯಾಟರಿ ದೀಪ ಬೇರೆ ಮಿಣುಕುತ್ತೆ. ಪವರ್ ಅಂತೂ ಮೊದಲಿಗಿಂತ ಸಪ್ಪೆ. ರೇಡಿಯೇಟರ್ ತೊಳೆಸಿದ್ದಾಯ್ತು, ಕೂಲಂಟ್ ಹೊಸದು, ಪ್ಲಗ್ ಕಿಡಿ ಹಾರೋ ಟೈಮಿಂಗ್ ಸರಿ ಇದೆ. ಮುಂದಿನ ಟ್ರ್ಯಾಕ್ ಡೇ ಹತ್ರ ಬಂತು, ಗೊತ್ತಿರೋರು ಹೇಳಿ.

ವೋಲ್ಟ್‌ಮೀಟರ್
ಯಾವ ಗಾಡಿ ಅಂತಾನೇ ಬರೆದಿಲ್ಲವಲ್ಲ ಸರ್. ಯಾವ ಪುಲ್ಲಿ ಚಿಕ್ಕದು ಮಾಡಿದ್ರಿ, ಇಂಜಿನ್ನಿನ ಮುಖ್ಯ ದಂಡ ಕ್ರ್ಯಾಂಕ್‌ದೋ, ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್‌ದೋ? ಎಷ್ಟು ಚಿಕ್ಕದು? ಐಡಲ್‌ನಲ್ಲಿ ಬ್ಯಾಟರಿ ತುದಿಗೆ ಎಷ್ಟು ವೋಲ್ಟ್?

ಸುಂಟಿಕೊಪ್ಪ_12
ಮಾರುತಿ ಎಸ್ಟೀಮ್, ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸೋದು) ಮಾಡಲ್. ಪವರ್ ಸ್ಟೀರಿಂಗ್ ಇಲ್ಲ. ಕ್ರ್ಯಾಂಕ್ ಪುಲ್ಲಿ ಅಲ್ಯೂಮಿನಿಯಂನಲ್ಲಿ ಮಾಡಿಸಿದ್ದು, 105 ಮಿಮೀ, ಹಳೆಯದಕ್ಕಿಂತ ಕಾಲು ಭಾಗ ಚಿಕ್ಕದು. ವೋಲ್ಟ್ ನೋಡಿಲ್ಲ.

ಕಾರ್ಬ್‌ಪ್ರೇಮಿ
ಕಾರ್ಬ್ಯುರೇಟರ್ ಅಂದ್ಮೇಲೆ ಮುಗೀತು. ಇದು ಜೆಟ್ (ಪೆಟ್ರೋಲ್ ಅಳೆದು ಬಿಡೋ ತೂತು) ಸಮಸ್ಯೆ. ಮಡಿಕೇರಿ ಸುಮಾರು 1150 ಮೀಟರ್ ಎತ್ತರ, ಕೊಯಮತ್ತೂರು 400 ಚಿಲ್ಲರೆ. ಕೆಳಗೆ ಗಾಳಿ ಶೇ. 7ರಷ್ಟು ದಟ್ಟ. ಮೇಲೆ ಟ್ಯೂನ್ ಮಾಡಿದ ಗಾಡಿ ಕೆಳಗಿಳಿದರೆ ಪೆಟ್ರೋಲ್ ಸಾಲಲ್ಲ, ಲೀನ್ ಆಗುತ್ತೆ, ಬಿಸಿಯಾಗುತ್ತೆ. ಮೇನ್ ಜೆಟ್ ಎರಡು ಸೈಜ್ ಏರಿಸಿ, ಆಮೇಲೆ ಮಾತಾಡಿ.

ಲೇತ್‌ಮೇಸ್ತ್ರಿ
ಜೆಟ್ ಆಮೇಲೆ ನೋಡೋಣ. ಎಸ್ಟೀಮ್‌ನಲ್ಲಿ ಆಲ್ಟರ್ನೇಟರ್ ಬೆಲ್ಟೇ ವಾಟರ್ ಪಂಪನ್ನೂ ತಿರುಗಿಸೋದು. ಕ್ರ್ಯಾಂಕ್ ಪುಲ್ಲಿ ಕಾಲು ಭಾಗ ಚಿಕ್ಕದು ಮಾಡಿದ್ರೆ ಪಂಪೂ ಅಷ್ಟೇ ನಿಧಾನ, ನೀರಿನ ಹರಿವೂ ಸುಮಾರು ಅಷ್ಟೇ ಕಮ್ಮಿ. ಪಂಪ್ ತಿನ್ನೋ ಪವರ್ ವೇಗದ ಘನಕ್ಕೆ ತಕ್ಕಂತೆ ಇಳಿಯುತ್ತೆ. 0.75 ಅನ್ನು ಮೂರು ಸಲ ಗುಣಿಸಿದ್ರೆ 0.42, ಅಂದ್ರೆ ಅರ್ಧಕ್ಕಿಂತ ಜಾಸ್ತಿ ಉಳಿತಾಯ. ಕಾಗದದ ಮೇಲೆ ಚಂದ. ಆದ್ರೆ ಉಳಿಸಿದ್ದು ಪಂಪಿನ ಚೂರು ಪವರ್‌ನಲ್ಲಿ ಅರ್ಧ, ಕಳ್ಕೊಂಡಿದ್ದು ಇಡೀ ಇಂಜಿನ್ನಿನ ಕಾಲು ಭಾಗ ನೀರು. ಚಿಕ್ಕ ಪುಲ್ಲಿ ಉಪಯೋಗಕ್ಕೆ ಬರೋದು 8000 ಆರ್‌ಪಿಎಂ ಮೇಲೆ ಸುತ್ತಿ ಪಂಪ್ ನೊರೆ ಏಳಿಸೋ ಇಂಜಿನ್‌ಗೆ. 65 ಬಿಎಚ್‌ಪಿಯ ಈ ಗಾಡಿಗಲ್ಲ.

ವೋಲ್ಟ್‌ಮೀಟರ್
ಮೇಸ್ತ್ರಿಗಳು ಹೇಳಿದ್ದಕ್ಕೆ ಇದನ್ನೂ ಸೇರಿಸಿ. ಆಲ್ಟರ್ನೇಟರ್ ಎಳೆಯೋ ಪವರ್ ಗಾಡಿ ಕೇಳೋ ಕರೆಂಟಿನ ಮೇಲೆ ನಿಂತಿರೋದು, ಪುಲ್ಲಿ ಮೇಲಲ್ಲ. 14 ವೋಲ್ಟಲ್ಲಿ 25 ಆಂಪ್ ಅಂದ್ರೆ 350 ವಾಟ್. ಆಲ್ಟರ್ನೇಟರ್ ದಕ್ಷತೆ ಶೇ. 55 ಅಂತ ಹಿಡಿದ್ರೂ ಬೆಲ್ಟಿಂದ ಎಳೆಯೋದು 640 ವಾಟ್, ಒಂದು ಎಚ್‌ಪಿಯೂ ಇಲ್ಲ. ನಿಧಾನವಾಗಿ ತಿರುಗಿಸಿದ್ರೂ ಅಷ್ಟೇ ಕರೆಂಟ್ ಕೊಡ್ಬೇಕು, ರೋಟರ್ ಮತ್ತೆ ಅದರ ಫ್ಯಾನ್ ಗಾಳಿ ಕಡಿಯೋ ಖರ್ಚು ಮಾತ್ರ ಉಳಿಯುತ್ತೆ. ಐಡಲ್‌ನಲ್ಲಿ ವೇಗ ಸಾಲದೆ ಚಾರ್ಜೇ ಆಗಲ್ಲ, ದೀಪ ಮಿಣುಕೋದು ಅದಕ್ಕೇ. ಪಿಟ್‌ನಲ್ಲಿ ಬಿಸಿ ಏರೋದೂ ಇದಕ್ಕೇ ಅಂಟಿಕೊಂಡಿದೆ: ವೋಲ್ಟ್ 14ರಿಂದ 12ಕ್ಕೆ ಬಿದ್ರೆ ರೇಡಿಯೇಟರ್ ಫ್ಯಾನೂ ನಿಧಾನ. ಹೊರಗೆ ಗಾಳಿ ಕಮ್ಮಿ, ಒಳಗೆ ನೀರು ಕಮ್ಮಿ.

ಎಸಿ ವಿಚಾರಕ್ಕೂ ಒಂದು ಮಾತು. ಸ್ವಿಚ್ ಆಫ್ ಇದ್ರೆ ಕಂಪ್ರೆಸರ್ ಕ್ಲಚ್ ಬಿಟ್ಟಿರುತ್ತೆ, ಪುಲ್ಲಿ ಬೇರಿಂಗ್ ಮಾತ್ರ ಸುತ್ತುತ್ತೆ. ಕಂಪ್ರೆಸರ್ ತೆಗೆದ್ರೆ ತೂಕ ಇಳಿಯುತ್ತೆ, ಪವರ್ ಬರಲ್ಲ. ರೇಡಿಯೇಟರ್ ಮುಂದಿರೋ ಎಸಿ ಕಂಡೆನ್ಸರ್ ತೆಗೆದಿದ್ದೀರಾ?

ಸುಂಟಿಕೊಪ್ಪ_12
ಕಂಡೆನ್ಸರ್ ಅಲ್ಲೇ ಇದೆ. ಗ್ಯಾಸ್ ಬಿಡಿಸಿ ಕಂಪ್ರೆಸರ್, ಬೆಲ್ಟು, ಕಂಡೆನ್ಸರ್ ಮುಂದಿನ ಫ್ಯಾನ್ ತೆಗೆದಿದ್ದು.

ಲೇತ್‌ಮೇಸ್ತ್ರಿ
ಇದನ್ನ ಮೊದಲೇ ಹೇಳ್ಬಾರ್ದಾ ಮಾರಾಯ! ಉಪಯೋಗ ಕೊಡ್ತಿದ್ದ ಫ್ಯಾನ್ ಕಿತ್ತು ಗಾಳಿ ತಡೆಯೋ ಗೋಡೆ ಬಿಟ್ಟಿದ್ದೀರಿ. ಮಳೆಗಾಲದ ಕೆಮ್ಮಣ್ಣು, ಒಣಗಿದ ಸಿಲ್ವರ್ ಓಕ್ ಎಲೆ ಎಲ್ಲ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಕೂತಿರುತ್ತೆ. ಮುಂದಿನಿಂದ ನೀರು ಹೊಡೆದ್ರೆ ಇನ್ನೂ ಒಳಗೆ ಸೇರುತ್ತೆ. ಕಂಡೆನ್ಸರ್ ಬಿಚ್ಚಿ, ಇಂಜಿನ್ ಕಡೆಯಿಂದ ಮುಂದಕ್ಕೆ ಸಣ್ಣ ಒತ್ತಡದಲ್ಲಿ ತೊಳೀರಿ. ಪ್ರೆಷರ್ ವಾಷರ್ ಹತ್ರ ಹಿಡಿದ್ರೆ ಫಿನ್ ಮಡಚಿಕೊಳ್ಳುತ್ತೆ. ರೇಡಿಯೇಟರ್ ಸುತ್ತ ಸಂದಿ ಇದ್ರೆ ಫೋಮ್ ತುಂಬಿ, ಗಾಳಿ ಪಕ್ಕದಿಂದ ನುಸುಳಬಾರದು.

ಕಾರ್ಬ್‌ಪ್ರೇಮಿ
ಇದೆಲ್ಲ ಸರಿ, ಆದ್ರೆ ಪವರ್ ಯಾಕೆ ಸಪ್ಪೆ? ಪಂಪ್ ನಿಧಾನ ಆದ್ರೆ ಪವರ್ ಹೋಗುತ್ತಾ? ಜೆಟ್.

ಪೊನ್ನಂಪೇಟೆ_ಜಿಪ್ಸಿ
ಥರ್ಮೋಸ್ಟಾಟ್ (ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡೋ ವಾಲ್ವ್) ಕಿತ್ತು ಬಿಸಾಕಿ ಅಣ್ಣ. ನಮ್ಮ ಕಡೆ ಎಲ್ಲರೂ ಮಾಡೋದೇ.

ವೋಲ್ಟ್‌ಮೀಟರ್
ಎಲ್ಲರೂ ಮಾಡ್ತಾರೆ ಅಂತ ಸರಿ ಆಗಲ್ಲ. ಕಿತ್ತರೆ ಡಿಸೆಂಬರ್ ಬೆಳಗ್ಗೆ ಗೋಣಿಕೊಪ್ಪ ತಲುಪಿದ್ರೂ ಇಂಜಿನ್ ಬಿಸಿಯಾಗಲ್ಲ, ಚೋಕ್ ಬಿಡಲ್ಲ, ಪೆಟ್ರೋಲ್ ಆಯಿಲ್‌ಗೆ ಇಳಿಯುತ್ತೆ. ಪಾತ್ರೆ ನೀರಲ್ಲಿ ದಾರ ಕಟ್ಟಿ ತೂಗುಹಾಕಿ, ಪಕ್ಕ ಥರ್ಮಾಮೀಟರ್ ಇಟ್ಟು ಕಾಯಿಸಿ. ಮೇಲೆ ಕೊರೆದ ಡಿಗ್ರಿ ಹತ್ರ ಬಾಯಿ ತೆರೆದು, ನೀರು ಕುದಿಯೋ ಹೊತ್ತಿಗೆ ಪೂರ್ತಿ ತೆರೆದ್ರೆ ಅದರಲ್ಲಿ ದೋಷ ಇಲ್ಲ. ರೇಡಿಯೇಟರ್ ಕ್ಯಾಪ್ ರಬ್ಬರ್ ಗಟ್ಟಿಯಾಗಿದ್ರೆ ಅದನ್ನ ಮೊದಲು ಬದಲಾಯಿಸಿ. 0.9 ಬಾರ್ ಹಿಡಿಯೋ ಕ್ಯಾಪ್‌ನಲ್ಲಿ ನೀರು ಕುದಿಯೋದು 118 ಡಿಗ್ರಿ ಹತ್ರ, ಸೋರೋ ಕ್ಯಾಪ್‌ನಲ್ಲಿ 100ಕ್ಕೇ.

ಪೊನ್ನಂಪೇಟೆ_ಜಿಪ್ಸಿ
ಜಿಪ್ಸೀಲಿ ಈ ತಾಪತ್ರಯ ಇಲ್ಲ. ವಿಸ್ಕಸ್ ಫ್ಯಾನ್ ತೆಗೆದು 12 ಇಂಚಿನ ಎರಡು ಎಲೆಕ್ಟ್ರಿಕ್ ಫ್ಯಾನ್, ಡ್ಯಾಶಲ್ಲಿ ಸ್ವಿಚ್. ತೋಡು ದಾಟುವಾಗ ಆಫ್, ಇಲ್ಲಾಂದ್ರೆ ನೀರಿನ ಹೊಡೆತಕ್ಕೆ ಬ್ಲೇಡ್ ಬಾಗಿ ರೇಡಿಯೇಟರ್‌ಗೇ ತಾಗುತ್ತೆ. 31 ಇಂಚಿನ ಮಡ್ ಟೈರ್, ಸ್ನಾರ್ಕೆಲ್, ಹಿಂದೆ ಮುಂದೆ ಲಾಕರ್. ಫೋಟೋ ಬೇಕಾ?

ಸಂಪಾಜೆ_ಸಿಟಿ
ಹಳೇ ಹೋಂಡಾ ಸಿಟಿ 1.5 ತಗೊಳ್ಳಿ. ಅದರಲ್ಲಿ ವಾಟರ್ ಪಂಪ್ ಟೈಮಿಂಗ್ ಬೆಲ್ಟ್ ಮೇಲಿದೆ, ಹೊರಗಿನ ಪುಲ್ಲಿ ಎಷ್ಟು ಚಿಕ್ಕದು ಮಾಡಿದ್ರೂ ನೀರಿಗೆ ತೊಂದರೆ ಇಲ್ಲ. ಪವರ್ ಸ್ಟೀರಿಂಗ್ ಪಂಪ್ ಬೆಲ್ಟ್ ಬಿಚ್ಚಿದ್ರೆ ಇನ್ನಷ್ಟು ಸಿಗುತ್ತೆ.

ಲೇತ್‌ಮೇಸ್ತ್ರಿ
ಬರೀ ಬೆಲ್ಟ್ ಬಿಚ್ಚಿ ಬಿಟ್ರೆ ಸ್ಟೀರಿಂಗಿನ ರ್‍ಯಾಕ್ ಒಳಗಿನ ಆಯಿಲನ್ನ ಕೈಯಲ್ಲೇ ತಳ್ಳಬೇಕು, ಸ್ಟೀರಿಂಗ್ ಕಲ್ಲು. ರ್‍ಯಾಕ್‌ನ ಎಡ ಬಲ ಪೋರ್ಟ್ ಎರಡನ್ನೂ ಒಂದೇ ಪೈಪಲ್ಲಿ ಸೇರಿಸ್ಬೇಕು, ಆಯಿಲ್ ಅತ್ತಿಂದಿತ್ತ ಓಡಾಡೋಕೆ ದಾರಿ ಇರ್ಬೇಕು. ಹಂಗೆ ಮಾಡಿದ್ರೂ ಪವರ್ ರ್‍ಯಾಕ್‌ನ ಅನುಪಾತ ಚುರುಕಾಗಿರೋದ್ರಿಂದ ಮ್ಯಾನ್ಯುಯಲ್ ರ್‍ಯಾಕ್‌ಗಿಂತ ಭಾರ. ರಸ್ತೆಗೂ ಓಡೋ ಗಾಡಿಗೆ ಬೇಡ.

ಸಂಪಾಜೆ_ಸಿಟಿ
ನಾನು ಹೇಳಿದ್ದು ಟ್ರ್ಯಾಕ್‌ಗೆ. ತೋಳಲ್ಲಿ ಬಲ ಇಲ್ದೋರು ಬಿಡಲಿ.

ವೋಲ್ಟ್‌ಮೀಟರ್
ಎಸ್ಟೀಮ್ ಬಗ್ಗೆ ಮಾತಾಡೋಣ್ವಾ? ಪವರ್ ಸ್ಟೀರಿಂಗ್ ಇಲ್ಲ ಅಂತ ಅವರು ಆಗ್ಲೇ ಬರೆದಿದ್ದಾರೆ.

ಸುಂಟಿಕೊಪ್ಪ_12
ಥರ್ಮೋಸ್ಟಾಟ್ ಕಾಯಿಸಿ ನೋಡಿದೆ, ತೆರೆಯುತ್ತೆ. ಕಂಡೆನ್ಸರ್ ಬಿಚ್ಚಿದೆ, ನಡುವೆ ಒಂದು ಬುಟ್ಟಿ ಕಸ ಇತ್ತು, ಒಪ್ಕೋತೀನಿ. ವೋಲ್ಟ್: 3000 ಆರ್‌ಪಿಎಂಗೆ 14.1, ಐಡಲ್‌ನಲ್ಲಿ ಲೈಟು ಫ್ಯಾನು ಹಾಕಿದ್ರೆ 12.3. ಸುಂಟಿಕೊಪ್ಪದಿಂದ ಮಡಿಕೇರಿಗೆ ಹತ್ತಿಸಿದೆ, ಮುಳ್ಳು ಸ್ವಲ್ಪ ಕೆಳಗೆ, ಆದ್ರೆ ಎಳೆತ ಸಪ್ಪೆಯೇ. ಪ್ಲಗ್ ನಾಲ್ಕೂ ತಿಳಿ ಕಂದು, ಮಿಕ್ಸ್ಚರ್ ಸರಿ ಇದ್ದಂಗಿದೆ.

ಕಾರ್ಬ್‌ಪ್ರೇಮಿ
ಐಡಲ್‌ನಲ್ಲಿ ಓಡಿಸಿ ಪ್ಲಗ್ ನೋಡಿದ್ರೆ ಏನೂ ಗೊತ್ತಾಗಲ್ಲ. ಫುಲ್ ಥ್ರಾಟಲ್‌ನಲ್ಲಿ ಎಳೆದು, ಕ್ಲಚ್ ಒತ್ತಿ ಅಲ್ಲೇ ಇಂಜಿನ್ ಆಫ್ ಮಾಡಿ ನೋಡ್ಬೇಕು.

ಸುಂಟಿಕೊಪ್ಪ_12
ಹಂಗೇ ನೋಡಿದ್ದು ಸರ್.

ಕಾರ್ಬ್‌ಪ್ರೇಮಿ
ಘಾಟಿ ಮೇಲೆ ನೋಡಿದ್ರಿ, ಅಲ್ಲಿ ಮಿಕ್ಸ್ಚರ್ ರಿಚ್ಚೇ (ಪೆಟ್ರೋಲ್ ಜಾಸ್ತಿ) ಇರುತ್ತೆ. ಕೆಳಗೆ ನೋಡಿ.

ಲೇತ್‌ಮೇಸ್ತ್ರಿ
ಮೇಲೆ ಮಿಕ್ಸ್ಚರ್ ಸರಿ ಇದ್ದೂ ಎಳೆತ ಸಪ್ಪೆ ಅಂದ್ರೆ ಜೆಟ್ಟನ್ನ ಬಿಡಿ ಮಾರಾಯ್ರೆ. ಸುಂಟಿಕೊಪ್ಪ ಅಣ್ಣಾ, ‘ಟೈಮಿಂಗ್ ಸರಿ ಇದೆ’ ಅಂದ್ರಲ್ಲ, ಯಾವ ಗುರುತು ನೋಡಿ ಸರಿ ಅಂದಿದ್ದು? ಹೊಸ ಪುಲ್ಲಿ ಮೇಲಿನ ಗೀಟು ಯಾರು ಹಾಕಿದ್ದು?

ಸುಂಟಿಕೊಪ್ಪ_12
ಲೇತ್ ಅಂಗಡಿಯವರು ಹಳೇದನ್ನ ಪಕ್ಕ ಇಟ್ಕೊಂಡು ಅಂದಾಜಲ್ಲಿ ಅರದಲ್ಲಿ ಗೀಟು ಹಾಕಿದ್ರು. ಪುಲ್ಲಿ ಕೂರಿಸಿದ ಮೇಲೆ ಮೆಕ್ಯಾನಿಕ್ ಟೈಮಿಂಗ್ ಲೈಟ್ ಹಿಡಿದು ಆ ಗೀಟಿಗೇ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ತಿರುಗಿಸಿ ಸೆಟ್ ಮಾಡಿದ್ರು. ಇದಕ್ಕೂ ಬಿಸಿಗೂ ಸಂಬಂಧ ಇದ್ಯಾ?

ಲೇತ್‌ಮೇಸ್ತ್ರಿ
ಇದೇ ಸಂಬಂಧ. 105 ಮಿಮೀ ಪುಲ್ಲಿಯ ಸುತ್ತಳತೆ 330 ಮಿಮೀ. ಅಂದ್ರೆ ಒಂದು ಡಿಗ್ರಿಗೆ 0.9 ಮಿಮೀ ಚಿಲ್ಲರೆ. ಗೀಟು ಒಂದು ಬೆರಳ ಅಗಲ ಆಚೀಚೆ ಆದ್ರೆ 15 ಡಿಗ್ರಿ ದಾಟುತ್ತೆ. ಸಾಲದ್ದಕ್ಕೆ ಪುಲ್ಲಿ ಚಿಕ್ಕದಾದ್ರಿಂದ ಗೀಟು ಬೆಲ್ಟ್ ಕವರ್ ಮೇಲಿನ ಸ್ಕೇಲ್‌ನಿಂದ ದೂರ, ಓರೆಯಾಗಿ ನೋಡಿದ್ರೆ ಇನ್ನೆರಡು ಡಿಗ್ರಿ ತಪ್ಪು. ಟೈಮಿಂಗ್ ರಿಟಾರ್ಡ್ ಆದ್ರೆ, ಅಂದ್ರೆ ಕಿಡಿ ತಡವಾದ್ರೆ, ಪಿಸ್ಟನ್ ಕೆಳಗಿಳಿಯುವಾಗಲೂ ಉರೀತಾ ಇರುತ್ತೆ. ಪಿಸ್ಟನ್ ತಳ್ಳಬೇಕಾದ ಬಿಸಿ ಎಕ್ಸಾಸ್ಟ್ ಪೋರ್ಟ್‌ಗೆ, ಅಲ್ಲಿಂದ ಹೆಡ್ಡಿನ ನೀರಿಗೆ. ಎಳೆತ ಸಪ್ಪೆ, ಬಿಸಿ ಜಾಸ್ತಿ. ನಿಮ್ಮ ಎರಡು ಲಕ್ಷಣಕ್ಕೂ ಇದು ಕೂಡುತ್ತೆ.

ನಿಜವಾದ ಟಿಡಿಸಿ (ಪಿಸ್ಟನ್ ಪೂರ್ತಿ ಮೇಲಿರೋ ಜಾಗ) ಹೀಗೆ ಹುಡುಕಿ. ಬ್ಯಾಟರಿ ನೆಗೆಟಿವ್ ಬಿಚ್ಚಿ, ನಾಲ್ಕೂ ಪ್ಲಗ್ ತೆಗೀರಿ. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ಅದರೊಳಗೆ ತುದಿ ಉರುಟು ಮಾಡಿದ ಬೋಲ್ಟ್ ಕೂರಿಸಿದ್ರೆ ಪಿಸ್ಟನ್ ಸ್ಟಾಪ್ ಆಯ್ತು. ಪಿಸ್ಟನ್ ಕೆಳಗಿರುವಾಗ ಒಂದನೇ ಸಿಲಿಂಡರ್‌ಗೆ ತಿರುಗಿಸಿ ಹಾಕಿ. ಸ್ಪ್ಯಾನರಲ್ಲಿ ಕ್ರ್ಯಾಂಕ್ ಹಿಂದಕ್ಕೆ ತಿರುಗಿಸ್ಬೇಡಿ, ಬೋಲ್ಟ್ ಸಡಿಲವಾಗುತ್ತೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, 5ನೇ ಗೇರ್ ಹಾಕಿ, ಮುಂದಿನ ಒಂದು ಚಕ್ರ ಜಾಕಲ್ಲಿ ಎತ್ತಿ ಅದನ್ನ ಕೈಯಲ್ಲಿ ಮೆಲ್ಲಗೆ ತಿರುಗಿಸಿ. ಪಿಸ್ಟನ್ ತಾಗಿದ ಕಡೆ ಸ್ಕೇಲ್‌ನ ಸೊನ್ನೆ ಎದುರಿಗೆ ಪುಲ್ಲಿ ಮೇಲೆ ಗುರುತು. ಚಕ್ರ ಉಲ್ಟಾ ಕಡೆಗೆ ತಿರುಗಿಸಿ ಇನ್ನೊಂದು ಸಲ ತಾಗಿದಲ್ಲಿ ಮತ್ತೊಂದು ಗುರುತು. ಎರಡರ ನಡುಮಧ್ಯವೇ ಟಿಡಿಸಿ. ಬಲವಂತ ಮಾಡಿದ್ರೆ ಪಿಸ್ಟನ್ ತಲೆ ಗೀಚುತ್ತೆ.

ಸಂಪಾಜೆ_ಸಿಟಿ
ಡ್ಯಾಂಪರ್ (ಕ್ರ್ಯಾಂಕಿನ ನಡುಕ ಹೀರೋ ಭಾಗ) ಇರೋ ಪುಲ್ಲಿ ತೆಗೆದು ಅಲ್ಯೂಮಿನಿಯಂ ಹಾಕಿದ್ರೆ ಕ್ರ್ಯಾಂಕೇ ಒಡೀಬಹುದು, ಅದನ್ನ ಯಾರೂ ಹೇಳ್ಲಿಲ್ಲ.

ಲೇತ್‌ಮೇಸ್ತ್ರಿ
ಹಳೇ ಪುಲ್ಲಿಯ ನಡುಭಾಗಕ್ಕೂ ಅಂಚಿಗೂ ನಡುವೆ ರಬ್ಬರ್ ಉಂಗುರ ಇದ್ರೆ ಡ್ಯಾಂಪರ್, ಇಲ್ಲಾಂದ್ರೆ ಬರೀ ಪುಲ್ಲಿ. ಹಳೇದನ್ನ ನೋಡಿದ್ರೆ ಗೊತ್ತಾಗುತ್ತೆ, ಅದಕ್ಕೆ ಜಗಳ ಬೇಡ.

ಸುಂಟಿಕೊಪ್ಪ_12
ಮಾಡಿದೆ. ನಿಜವಾದ ಟಿಡಿಸಿಗೂ ಅವರು ಹಾಕಿದ ಗೀಟಿಗೂ 8 ಮಿಮೀ ವ್ಯತ್ಯಾಸ, ರಿಟಾರ್ಡ್ ಕಡೆಗೆ.

ವೋಲ್ಟ್‌ಮೀಟರ್
ಹತ್ತಿರ ಹತ್ತಿರ 9 ಡಿಗ್ರಿ. ಸಪ್ಪೆ ಆಗದೆ ಇನ್ನೇನು. ಹೊಸ ಗೀಟಿಗೆ ಬಿಳಿ ಪೇಂಟ್ ಹಚ್ಚಿ, ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಪೈಪ್ ಬಿಚ್ಚಿ ಬಾಯಿ ಮುಚ್ಚಿ, ಐಡಲ್‌ನಲ್ಲಿ ಮ್ಯಾನ್ಯುಯಲ್ ಹೇಳಿದ ಡಿಗ್ರಿಗೆ ಇಡಿ. ಎದುರಿಗೇ ಕಣ್ಣಿಟ್ಟು ನೋಡಿ.

ಸುಂಟಿಕೊಪ್ಪ_12
ಸೆಟ್ ಮಾಡಿಸಿದೆ. ಮಡಿಕೇರಿ ಏರಲ್ಲಿ ಮೂರನೇ ಗೇರ್ ಸಾಕಾಗ್ತಿದೆ, ಮೊದಲು ಎರಡಕ್ಕೆ ಇಳಿಸ್ಬೇಕಿತ್ತು. ಐಡಲ್ ವೋಲ್ಟ್ ಮಾತ್ರ ಹಂಗೇ ಇದೆ. ಈ ಪುಲ್ಲಿಯಲ್ಲೇ ಟ್ರ್ಯಾಕ್‌ಗೆ ಹೋಗ್ಬೋದಾ?

ಲೇತ್‌ಮೇಸ್ತ್ರಿ
ಬೇಡ. ಊರಿನ ಚಳಿಗೂ ಕೊಯಮತ್ತೂರಿನ ಬಿಸಿಲಿಗೂ ಹೋಲಿಕೆ ಇಲ್ಲ. ಕ್ರ್ಯಾಂಕ್‌ಗೆ ಹಳೇ ಪುಲ್ಲಿ ಹಾಕಿ. ಅಷ್ಟು ಆಸೆ ಇದ್ರೆ ಆಲ್ಟರ್ನೇಟರ್ ಪುಲ್ಲಿ ಶೇ. 10ರಷ್ಟು ದೊಡ್ಡದು ಮಾಡಿಸಿ, ಆಗ ವಾಟರ್ ಪಂಪ್ ವೇಗ ಇದ್ದಂಗೇ ಇರುತ್ತೆ. ಬೆಲ್ಟ್ ಉದ್ದ ಅಳೆದು ಹೊಸದು ತಗೊಳ್ಳಿ, ನಡುವೆ ಹೆಬ್ಬೆರಳಲ್ಲಿ ಒತ್ತಿದ್ರೆ 6ರಿಂದ 8 ಮಿಮೀ ಬಾಗ್ಬೇಕು. ಈಗಿನ ಬೆಲ್ಟ್ ಒಳಬದಿ ಕನ್ನಡಿ ಥರ ಹೊಳೀತಿದ್ರೆ ಜಾರಿದೆ ಅಂತ ಅರ್ಥ, ಎಸೆದುಬಿಡಿ.

ಪೊನ್ನಂಪೇಟೆ_ಜಿಪ್ಸಿ
ಆಲ್ಟರ್ನೇಟರ್ ದಪ್ಪ ವೈರಿಗೇ ಸ್ವಿಚ್ ಹಾಕಿ ಟ್ರ್ಯಾಕಲ್ಲಿ ಆಫ್ ಮಾಡಿದ್ರೆ?

ವೋಲ್ಟ್‌ಮೀಟರ್
ಇಂಜಿನ್ ಓಡುವಾಗ ದಪ್ಪ ವೈರ್ ಕತ್ತರಿಸಿದ್ರೆ ವೋಲ್ಟ್ ಹಾರಿ ಡಯೋಡ್ ಸುಡುತ್ತೆ. ಕತ್ತರಿಸೋದಾದ್ರೆ ಫೀಲ್ಡ್ ವೈರ್. 15 ನಿಮಿಷಕ್ಕೆ 20 ಆಂಪ್ ಅಂದ್ರೆ 5 ಆಂಪ್‌ಅವರ್, 35ರ ಬ್ಯಾಟರಿ ತಡೆಯುತ್ತೆ. ಆದ್ರೆ ಫ್ಯಾನ್ ಮತ್ತೆ 12 ವೋಲ್ಟಿಗೆ ಬೀಳುತ್ತೆ, ಬಿಟ್ಟು ಬಂದ ಕಡೆಗೇ ವಾಪಸ್.

ಕಾರ್ಬ್‌ಪ್ರೇಮಿ
ಕೆಳಗೆ ಹೋದಾಗ ಪ್ಲಗ್ ನೋಡಿ ಹಾಕಿ. ಜೆಟ್ ಮಾತು ಇನ್ನೂ ಮುಗಿದಿಲ್ಲ.

ಸುಂಟಿಕೊಪ್ಪ_12
ಹಾಕ್ತೀನಿ ಸರ್. ಹಳೇ ಪುಲ್ಲಿ ಹುಡುಕಿದೆ, ಮನೆ ಸಾಮಾನಿನ ಜೊತೆ ಗುಜರಿಗೆ ಹೋಗಿದೆ ಅಂತೆ. ಕಾರ್ಬ್ಯುರೇಟರ್ ಎಸ್ಟೀಮ್‌ದು ಪುಲ್ಲಿ ಯಾರ ಹತ್ರನಾದ್ರೂ ಇದ್ಯಾ? ಕುಶಾಲನಗರದವರೆಗೆ ಬಂದು ತಗೋತೀನಿ.

ಪೊನ್ನಂಪೇಟೆ_ಜಿಪ್ಸಿ
ಜಿಪ್ಸಿದು ಒಂದಿದೆ ಅಣ್ಣ. ಬೋಲ್ಟ್ ತೂತಿನ ಅಳತೆ ಕಳಿಸಿ, ನೋಡ್ತೀನಿ. ಗೀಟು ಕಂಪನಿದೇ.